ಹಳದಿ ಅಂಚಿನ ಕೈಗವಸುಗಳ ಬೆನ್ನು ಹತ್ತಿ

ಬೆಳಗಾವಿಯಿಂದ ಗೋಕಾಕಕ್ಕೆ ಹೋಗುವ ಬೆಳಗಿನ ಬಸ್ಸು ಹತ್ತಿದಾಗ ಮಳೆ ಇನ್ನೂ ಬಂದಿರಲಿಲ್ಲ. ಆದರೆ ಪಡುವಣ ದಿಕ್ಕಿನಲ್ಲಿ ಮೋಡ ದಟ್ಟವಾಗಿ ಕೂಡಿಕೊಂಡಿತ್ತು. ಬಸ್ಸಿನ ತುಂಬ ರೈತರು. ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಈ ವರ್ಷ ಹೊತ್ತಿಗೆ ಸರಿಯಾಗಿ ಬರುತ್ತದೆಂದು ಅವರೆಲ್ಲ ಹುರುಪಿನಲ್ಲಿದ್ದರು. ಇವತ್ತೊಂದು ದಿನ ಮಳೆ ಬಾರದಿರಲಿ ಎಂದು ಬೇಡಿಕೊಳ್ಳುತ್ತಿದ್ದವಳು ಆ ಬಸ್ಸಿನಲ್ಲಿ ನಾನೊಬ್ಬಳೇ ಇರಬೇಕು. ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ ಕಂಡಕ್ಟರ್ ನನ್ನ ಕಾಲ ಬಳಿಯಿದ್ದ ದೊಡ್ಡ ಚೀಲ ನೋಡಿ, "ಏನೈತ್ರಿ ಅಕ್ಕಾರ ಇದರಾಗ? ಲಗೇಜ್ ಹಚ್ಚಬೇಕಾಕ್ಕೈತಿ" ಎಂದ.

"ಗ್ಲೌಸ್ ಅದಾವ್ರಿ. ಕರೆಂಟಿನವ್ರು ಹಾಕ್ಕೊಳ್ಳೋವು."

ಅವನು ಚೀಲವನ್ನು ಒಂದು ಕೈಯಿಂದ ಎತ್ತಿ ನೋಡಿ, "ಹಗುರ ಐತಿ, ಇರ್ಲಿ ಬಿಡ್ರಿ" ಎಂದು ಮುಂದೆ ಹೋದ.

ಬೆಳಗಾವಿಯ ಹೊರಗೆ, ವಿದ್ಯುತ್ ಕೆಲಸಗಾರರ ರಬ್ಬರ್ ಕೈಗವಸು ತಯಾರಿಸುವ ಸಣ್ಣದೊಂದು ಕಾರ್ಖಾನೆಯಲ್ಲಿ ನಾನು ತಪಾಸಣೆಯ ಕೆಲಸ ಮಾಡುತ್ತೇನೆ. ಮೊದಲು ನಾವು ರಬ್ಬರನ್ನು ಪೆಟ್ರೋಲಿನಂಥ ದ್ರವದಲ್ಲಿ ಕರಗಿಸಿ ಕೈಗವಸು ಮಾಡುತ್ತಿದ್ದೆವು. ಆ ಹೊಗೆಗೆ ಕೆಲಸದವರಿಗೆ ತಲೆ ಸುತ್ತುತ್ತಿತ್ತು. ಮಾಲೀಕರಾದ ಅಣ್ಣಾಸಾಹೇಬರು ಅದನ್ನು ಬಿಟ್ಟು ಮರದ ರಬ್ಬರ್ ಹಾಲಿಗೇ ಬಂದರು. ಕೈಯಾಕಾರದ ಪಿಂಗಾಣಿ ಅಚ್ಚನ್ನು ಹಾಲಿನಲ್ಲಿ ಮತ್ತೆ ಮತ್ತೆ ಅದ್ದಿ, ಒಣಗಿಸಿ, ಬೇಯಿಸುವುದು. ಬೇಯಿಸಲು ಕಲ್ಲಿದ್ದಲಿನ ಬದಲು ಕಬ್ಬಿನ ಸಿಪ್ಪೆಯ ಇಟ್ಟಿಗೆ. ಅಚ್ಚಿನ ಮೇಲೆ ಹಾಲು ಹೆಪ್ಪುಗಟ್ಟಲೆಂದು ಒಂದು ಬಗೆಯ ಉಪ್ಪು ಸವರುತ್ತೇವೆ. ಆ ಉಪ್ಪು ಕೊನೆಯಲ್ಲಿ ಬಿಸಿನೀರಿನಲ್ಲಿ ಪೂರ್ತಿ ತೊಳೆದುಹೋಗಬೇಕು. ಇದಕ್ಕೆ ವಿಪರೀತ ನೀರು ಬೇಕು. ಪಕ್ಕದ ಹೊಲಗಳ ಬಾವಿ ಬತ್ತಬಾರದೆಂದು ಆ ನೀರನ್ನೇ ಸೋಸಿ ತಿರುಗಿ ಬಳಸಲು ಶುರು ಮಾಡಿದ್ದೆವು. ಹೀಗೆ ಮಾಡಿದ ಮೊದಲ ಬ್ಯಾಚಿನ ಕೈಗವಸಿಗೆ ಗುರುತಿಗೆಂದು ಹಳದಿ ಅಂಚು ಕೊಟ್ಟು, ಗೋಕಾಕ ಮತ್ತು ಮೂಡಲಗಿಯ ಲೈನ್‌ಮನ್‌ಗಳಿಗೆ ಬಳಸಿ ನೋಡಲು ಹಂಚಿದ್ದೆವು.

ಹಂಚುವ ಮುಂಚೆ ಒಂದೊಂದನ್ನೂ ಹೆಚ್ಚಿನ ವೋಲ್ಟೇಜಿನಲ್ಲಿ ಪರೀಕ್ಷಿಸಿದ್ದೆ. ಬ್ಯಾಚಿನ ಮೊದಲ ಕೆಲವು ಜೋಡಿಗಳನ್ನು ನೀರಿನಲ್ಲಿ ನೆನೆಹಾಕಿಯೂ ನೋಡಿದ್ದೆ. ಎಲ್ಲ ಸರಿಯಾಗಿದ್ದವು. ಮಳೆಗಾಲ ಹತ್ತಿರ ಬಂತೆಂದು ಮೊನ್ನೆ ಮಾದರಿಗೆ ಉಳಿಸಿಕೊಂಡಿದ್ದ ಕೊನೆಯ ಜೋಡಿಯನ್ನು ನೆನೆಹಾಕಿ ಮತ್ತೆ ಪರೀಕ್ಷೆಗೆ ಹಚ್ಚಿದೆ. ಮೀಟರಿನ ಮುಳ್ಳು ಏರುತ್ತ ಹೋಯಿತು. ಕೈಗವಸಿನಲ್ಲಿ ತೂತಿರಲಿಲ್ಲ, ಬಿರುಕಿರಲಿಲ್ಲ. ಸೋಸುವ ಯಂತ್ರ ಅರ್ಧ ಕೆಲಸದಲ್ಲೇ ಉಪ್ಪಿನಿಂದ ತುಂಬಿಹೋಗಿ, ಉಪ್ಪಿನ ನೀರೇ ಸುತ್ತಿ ಸುತ್ತಿ ಬಂದು, ರಬ್ಬರಿನೊಳಗೆ ಉಪ್ಪು ಉಳಿದುಬಿಟ್ಟಿತ್ತು. ಒಣಗಿದ್ದಾಗ ಅದು ಗಟ್ಟಿ ಗೋಡೆ. ನೆನೆದರೆ ಆ ಗೋಡೆಯನ್ನು ನಂಬುವಂತಿರಲಿಲ್ಲ.

ಎರಡೂ ಕಡೆಯ ಕಚೇರಿಗಳಿಗೆ ಅಣ್ಣಾಸಾಹೇಬರು ಆಗಲೇ ಫೋನು ಮಾಡಿ ಹೇಳಿದ್ದರು. ಆದರೆ ಫೋನಿನಲ್ಲಿ ಹೇಳಿದರೆ ಮುಗಿಯುವ ಮಾತಲ್ಲ ಇದು. ನೋಡಲು ಚೆನ್ನಾಗಿರುವ ವಸ್ತುವನ್ನು ಯಾರೂ ಎಸೆಯುವುದಿಲ್ಲ. ಮೂಲೆಯಲ್ಲಿಟ್ಟದ್ದು ಮತ್ತೆ ಯಾರದೋ ಕೈ ಸೇರುತ್ತದೆ. ನಮ್ಮ ಟೆಂಪೋ ರಬ್ಬರ್ ಹಾಲು ತರಲು ಕೇರಳಕ್ಕೆ ಹೋಗಿತ್ತು. ಹಾಗಾಗಿ ಹಳೆಯ ಬಗೆಯ ಕೈಗವಸುಗಳನ್ನೂ ಒಂದು ದೊಡ್ಡ ಕತ್ತರಿಯನ್ನೂ ಚೀಲಕ್ಕೆ ಹಾಕಿಕೊಂಡು ನಾನೇ ಹೊರಟಿದ್ದೆ.

ಗೋಕಾಕಕ್ಕೆ ಅರವತ್ತು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಬಸ್ಸು ಊರೂರಿಗೆ ನಿಲ್ಲುತ್ತ ಹೋಯಿತು. ದಾರಿಯುದ್ದಕ್ಕೂ ನನ್ನ ಕಣ್ಣು ಕಂಬಗಳ ಮೇಲೇ ಇತ್ತು. ಯಾವ ಕಂಬದ ಮೇಲೆ ಮನುಷ್ಯ ಕಂಡರೂ ಕೈಗವಸಿನ ಅಂಚು ಯಾವ ಬಣ್ಣದ್ದೆಂದು ಇಣುಕುತ್ತಿದ್ದೆ. ಊರು ಹತ್ತಿರವಾದಂತೆ ಗುಡ್ಡದ ಕಲ್ಲುಗಳು ಕಪ್ಪಗೆ ಎದ್ದು ಕಂಡವು, ಗಾಳಿ ಜೋರಾಯಿತು.

ವಿದ್ಯುತ್ ಕಚೇರಿಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಲೈನ್‌ಮನ್‌ಗಳು ಕಾಯುತ್ತಿದ್ದರು. ಚಹಾ ಬಂತು. ಕೈಗವಸುಗಳೂ ಒಂದೊಂದಾಗಿ ಬಂದವು, ಆದರೆ ಯಾರಿಗೂ ಕೊಡುವ ಮನಸ್ಸಿರಲಿಲ್ಲ.

"ಯಾಕ್ರಿ ಅಕ್ಕಾರ, ಇಷ್ಟ್ ಮೆತ್ತಗ ಅದಾವು. ನಿಮ್ ಹಳೇವು ಹಾಕ್ಕೊಂಡ್ರ ನಟ್ ಹಿಡಿಯಾಕ ಬರಂಗಿಲ್ಲ" ಎಂದ ಒಬ್ಬ. "ಹರದಿಲ್ಲ, ತೂತಿಲ್ಲ. ಊದಿ ನೋಡೇವಿ, ಗಾಳಿ ಹೋಗೂದಿಲ್ಲ" ಎಂದ ಇನ್ನೊಬ್ಬ.

"ತೂತ ಇದ್ದಿದ್ರ ನಿಮಗೂ ಕಾಣ್ತಿತ್ರಿ, ನನಗೂ ಕಾಣ್ತಿತ್ತು. ಇದು ಕಾಣೂದಿಲ್ಲ" ಎಂದೆ. "ಒಣಾ ಇದ್ದಾಗ ಏನೂ ಆಗೂದಿಲ್ಲ. ಹಸಿ ಆದ್ರ ನಂಬಾಕ ಬರೂದಿಲ್ರಿ."

ಎಲ್ಲರೂ ತಲೆಯೆತ್ತಿ ಮೋಡ ನೋಡಿದರು. ನಾನು ಕತ್ತರಿ ತೆಗೆದು ಒಂದೊಂದು ಕೈಗವಸಿನ ತೋಳನ್ನೂ ಸೀಳಿದೆ. ದಪ್ಪ ರಬ್ಬರು, ಕತ್ತರಿ ಹಿಡಿದ ಬೆರಳು ಕೆಂಪಾದವು. ಬೆಂಕಿಯ ಮುಂದೆ ಬೆವರಿ ಮಾಡಿದ ವಸ್ತುವನ್ನು ನಾನೇ ಹಾಳು ಮಾಡುತ್ತಿದ್ದೆ.

ಎಲ್ಲ ಮುಗಿದ ಮೇಲೆ ಒಬ್ಬ ಮಾತ್ರ ದೂರದಲ್ಲೇ ನಿಂತಿದ್ದ. ಈರಪ್ಪ ಎಂದು ಹೆಸರು. ನಲವತ್ತರ ಸುಮಾರಿನ ಗಟ್ಟಿ ಆಳು, ಹಣೆಯ ಮೇಲೆ ವಿಭೂತಿ. "ನಿಮ್ಮವು ಎಲ್ಲಿ ಅಣ್ಣಾರ?" ಎಂದು ಕೇಳಿದೆ.

"ಮನ್ಯಾಗ ಅದಾವ್ರಿ" ಎಂದ ಮೊದಲು. ನಾನು ಮನೆಗೇ ಬರುತ್ತೇನೆ ಎಂದೆ. ಆಗ ಅವನ ಮುಖ ಇಳಿಯಿತು. ನನ್ನನ್ನು ಗೋಡೆಯ ಬಾಜೂಕ್ಕೆ ಕರೆದುಕೊಂಡು ಹೋಗಿ ತಗ್ಗಿದ ದನಿಯಲ್ಲಿ ಹೇಳಿದ. "ನನ್ ಕಡಿ ಇಲ್ರಿ. ನನ್ ದೋಸ್ತ ಒಬ್ಬಾವ ಅದಾನು, ರಫೀಕ ಅಂತ. ಮೂಡಲಗ್ಯಾಗ ಮೋಟಾರ್ ರಿಪೇರಿ ಅಂಗಡಿ ಐತಿ. ಹೋದ ವರ್ಷ ಕರೆಂಟ್ ಹೊಡದು ಅಂಗೈ ಸುಟ್ಕೊಂಡಿದ್ದ. ಸಣ್ಣ ಸಣ್ಣ ಮಕ್ಕಳು ಅದಾವ್ರಿ ಅವಗ. ಜೀವ ಉಳೀಲಿ ಅಂತ ಕೊಟ್ಟೆ."

"ಏನಂತ ಹೇಳಿ ಕೊಟ್ಟೀರಿ?"

"ಹನ್ನೊಂದ ಸಾವಿರ ವೋಲ್ಟ್ ಇದ್ರೂ ತಡೀತಾವು ಅಂತ ಹೇಳೇನ್ರಿ" ಎಂದ. ಹೇಳುತ್ತಿದ್ದಂತೆಯೇ ತನ್ನ ಮಾತಿನ ಭಾರ ತನಗೇ ತಿಳಿದು ಗೋಡೆಗೆ ಒರಗಿದ. ರಫೀಕನಿಗೆ ಫೋನು ಹಚ್ಚಿದ. ಸ್ವಿಚ್ ಆಫ್. ಮತ್ತೆ ಹಚ್ಚಿದ. ಅದೇ ಉತ್ತರ.

ಮೂಡಲಗಿಗೆ ಮೂವತ್ತು ಕಿಲೋಮೀಟರು. ಈರಪ್ಪನಿಗೆ ಡ್ಯೂಟಿ ಬಿಟ್ಟು ಬರಲು ಆಗುವಂತಿರಲಿಲ್ಲ. ನಾನೊಬ್ಬಳೇ ಮುಂದಿನ ಬಸ್ಸು ಹಿಡಿದೆ. ಲೋಳಸೂರ ಸೇತುವೆ ದಾಟುವಾಗ ಘಟಪ್ರಭೆ ಇನ್ನೂ ಸೊರಗಿಯೇ ಇದ್ದಳು. ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿನ ಹುಡುಗಿಯರು ಗದ್ದಲ ಮಾಡುತ್ತ ಇಳಿದರು. ನನ್ನ ಪಕ್ಕದಲ್ಲಿ ಕುಳಿತಿದ್ದವಳು ಏಳುವಾಗ, "ಆಂಟಿ, ಛತ್ರಿ ತಂದಿಲ್ಲೇನ್ರಿ? ಇವತ್ತ ಪಕ್ಕಾ ಮಳಿ ಐತಿ" ಎಂದು ನಕ್ಕಳು. ನನಗೆ ನಗಲು ಆಗಲಿಲ್ಲ. ಕಲ್ಲೋಳಿ, ನಾಗನೂರ ದಾಟಿದೆವು. ಎರಡೂ ಕಡೆ ಕಬ್ಬು ಎದೆಮಟ್ಟ ಬೆಳೆದಿತ್ತು. ಆ ಹಸಿರಿನ ನಡುವೆ ಅಲ್ಲಲ್ಲಿ ಎರಡೆರಡು ಕಂಬ ನೆಟ್ಟು ಕೂರಿಸಿದ ಟ್ರಾನ್ಸ್‌ಫಾರ್ಮರುಗಳು. ಇಲ್ಲಿಯವರು ಅದನ್ನು ಟಿಸಿ ಎನ್ನುತ್ತಾರೆ. ಒಂದೊಂದು ಟಿಸಿ ಹಿಂದೆ ಸರಿದಾಗಲೂ ಅದರ ಕೆಳಗೆ ಯಾರಾದರೂ ಬಿದ್ದಿದ್ದಾರೆಯೇ ಎಂದು ನೋಡುವಷ್ಟು ನನ್ನ ಮನಸ್ಸು ಕೆಟ್ಟಿತ್ತು.

ಮೂಡಲಗಿಯಲ್ಲಿ ಇಳಿದಾಗ ಮೊದಲ ಹನಿಗಳು ಬಿದ್ದವು. ಅಲ್ಲಿಯ ಕಚೇರಿಯಲ್ಲಿ ಉಳಿದ ಹಳದಿ ಅಂಚಿನವುಗಳನ್ನೆಲ್ಲ ಒಂದು ರಟ್ಟಿನ ಡಬ್ಬಿಗೆ ಹಾಕಿ ಇಟ್ಟಿದ್ದರು. ನಿಂತ ನಿಲುವಿನಲ್ಲೇ ಸೀಳಿ, ಬದಲಿಗೆ ಹಳೆಯ ಬಗೆಯವು ಕೊಟ್ಟು, ಪೇಟೆಯೊಳಗೆ ರಫೀಕನ ಅಂಗಡಿ ಹುಡುಕಿಕೊಂಡು ಹೋದೆ. ಅಂಗಡಿಯ ಬಾಗಿಲು ಎಳೆದಿತ್ತು. ಹೊರಗೆ ಸುಟ್ಟ ಮೋಟಾರುಗಳು ಮಳೆಯಲ್ಲಿ ನೆನೆಯುತ್ತಿದ್ದವು. ಎದುರಿಗೆ ಮಿರ್ಚಿ ಭಜಿ ಕರಿಯುತ್ತಿದ್ದ ವಯಸ್ಸಾದ ಹೆಂಗಸು, "ನಿನ್ನೇನ ಹುಕ್ಕೇರಿ ಕಡೆ ಹೋಗ್ಯಾನವಾ. ತಂಗಿ ಊರು ಅಂತ. ಮನಿ ಇಲ್ಲೆಲ್ಲೈತಿ, ಕಲ್ಲೋಳ್ಯಾಗೈತಿ. ಹೇಂತಿನ್ನ ಕೇಳಿದ್ರ ಪತ್ತೆ ಹೇಳ್ತಾಳ" ಎಂದಳು. ಒಂದು ಪ್ಲೇಟ್ ಭಜಿ ಮುಂದಿಟ್ಟಳು. ಬೆಳಗಿನಿಂದ ಹೊಟ್ಟೆಗೆ ಚಹಾ ಬಿಟ್ಟರೆ ಏನೂ ಬಿದ್ದಿರಲಿಲ್ಲ. ಆದರೂ ದುಡ್ಡು ಕೊಟ್ಟು, ಭಜಿ ಅಲ್ಲೇ ಬಿಟ್ಟು ಎದ್ದೆ.

ಅವನ ಮನೆಯ ಮುಂದಿನಿಂದಲೇ ಬಂದಿದ್ದೆನಲ್ಲ ಎಂದು ಹಳಹಳಿಸುತ್ತ ಟಂಟಂ ಆಟೋ ಹತ್ತಿ ಕಲ್ಲೋಳಿಗೆ ವಾಪಸು ಬಂದೆ. ಮಳೆ ಆಗ ಸಣ್ಣಗೆ, ಬಿಡದೆ ಹಿಡಿದಿತ್ತು. ಮನೆಯ ಪಡಸಾಲೆಯಲ್ಲಿ ರಫೀಕನ ಹೆಂಡತಿ ಶಮಶಾದ ಹಳೆಯ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿ ಸುತ್ತುತ್ತ ಕುಳಿತಿದ್ದಳು. ಮೂವತ್ತರ ಆಸುಪಾಸಿನ, ಗಟ್ಟಿ ಕಣ್ಣಿನ ಹೆಂಗಸು. ಬರ್ರಿ, ಕೂಡ್ರಿ ಎಂದಳು. ನಾನು ಯಾರೆಂದು ಹೇಳುತ್ತಿದ್ದಂತೆ ಅವಳ ಮುಖ ಅರಳಿತು.

"ನೀವ ಮಾಡೀರೇನ್ರಿ ಅವನ್ನ? ಹೋದ ವರ್ಷ ಅವ್ರ ಕೈ ಸುಟ್ಟಾಗಿಂದ ನನಗ ನಿದ್ದಿ ಇರಲಿಲ್ರಿ ಅಕ್ಕಾರ. ಈ ಗ್ಲೌಸ್ ಬಂದ ಮ್ಯಾಲ ನಿಶ್ಚಿಂತಿಲೆ ಮಲಗಾಕತ್ತೇನಿ."

ಆ ಮಾತಿನ ಮೇಲೆ ನಾನು ನನ್ನ ಮಾತು ಹೇಳಬೇಕಾಯಿತು. ಅವಳು ಕೇಳುತ್ತ ಕೇಳುತ್ತ ತಂತಿಯ ಉಂಡೆಯನ್ನು ಕೆಳಗಿಟ್ಟಳು.

"ನಾದಿನಿ ತೋಟದಾಗ ಟಿಸಿ ಕೆಟ್ಟೈತ್ರಿ. ಮೂರು ದಿನದಿಂದ ಕರೆಂಟ್ ಇಲ್ಲ. ಅದನ್ನ ನೋಡಾಕ ಹೋಗ್ಯಾರ" ಎಂದಳು. "ಅಲ್ಲಿ ಫೋನ್ ಚಾರ್ಜ್ ಮಾಡಾಕೂ ಕರೆಂಟ್ ಇಲ್ಲ. ಯಾರ ಫೋನೂ ಹತ್ತೂದಿಲ್ಲ."

ಮಕ್ಕಳನ್ನು ಬಾಜೂ ಮನೆಗೆ ಬಿಟ್ಟು, ದುಪಟ್ಟಾ ತಲೆಗೆ ಎಳೆದುಕೊಂಡು, ನನಗಿಂತ ಮುಂದೆ ಮಳೆಯಲ್ಲಿ ನಡೆದಳು. ನಾನು ನಿಲ್ದಾಣದಿಂದ ಈರಪ್ಪನಿಗೆ ಫೋನು ಮಾಡಿ ಆ ತೋಟ ಯಾವ ಕಡೆ ಎಂದು ಅವಳ ಬಾಯಿಂದಲೇ ಹೇಳಿಸಿದೆ. "ಹುಕ್ಕೇರಿ ನಮ್ ಕೈಯಾಗಿಲ್ರಿ. ಅಲ್ಲಿ ಸಬ್‌ಸ್ಟೇಶನ್ನಿನ್ಯಾಗ ಪರಿಚಯದವ್ರು ಒಬ್ಬರು ಅದಾರ. ಆ ಲೈನ್ ಬಂದ್ ಮಾಡ್ರಿ ಅಂತ ಕಾಲ್ ಬೀಳ್ತೇನಿ" ಎಂದ ಅವನು. ದನಿ ಒಡೆದಿತ್ತು.

ಘಟಪ್ರಭಾ ಊರಿನಲ್ಲಿ ಬಸ್ಸು ಬದಲಿಸಬೇಕು. ಅಲ್ಲಿಯವರೆಗೆ ಶಮಶಾದ ಕಿಟಕಿಯ ಗಾಜು ಸರಿಸಿ ಕೈ ಹೊರಗೆ ಹಾಕಿ ಮಳೆ ಎಷ್ಟಿದೆ ಎಂದು ನೋಡುವಳು, ಒಳಗೆ ಎಳೆದುಕೊಂಡು ದುಪಟ್ಟಾಕ್ಕೆ ಒರೆಸುವಳು, ಮತ್ತೆ ಹೊರಗೆ ಹಾಕುವಳು. ನನಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಹುಕ್ಕೇರಿಯ ಬಸ್ಸಿನಲ್ಲಿ ಕುಳಿತ ಮೇಲೆ ಒಮ್ಮೆಲೇ ತಿರುಗಿ ಕೇಳಿದಳು:

"ಕೊಡೂಕಿಂತ ಮೊದಲ ಗೊತ್ತಿತ್ತೋ, ಕೊಟ್ಟ ಮ್ಯಾಲ ಗೊತ್ತಾತೋ?"

"ಕೊಟ್ಟ ಮ್ಯಾಲ."

"ಖರೆ ಹೇಳ್ರಿ."

"ಖರೆ ಐತ್ರಿ. ಮೊದಲ ಗೊತ್ತಿದ್ರ ಹೊರಗ ಬಿಡ್ತಿರಲಿಲ್ಲ."

ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಆ ದಾರಿಯುದ್ದಕ್ಕೂ ನನ್ನನ್ನು ಕಾಡಿದ್ದು ಒಂದೇ ಯೋಚನೆ. ಕೈಗವಸು ಇಲ್ಲದ ಮನುಷ್ಯ ಹೆದರುತ್ತಾನೆ, ಹೆದರಿ ಹುಷಾರಾಗಿರುತ್ತಾನೆ. ನಮ್ಮ ಕೈಗವಸು ಅವನ ಹೆದರಿಕೆಯನ್ನು ತೆಗೆದುಬಿಟ್ಟಿತ್ತು. ಆ ಹೆದರಿಕೆಯೆಲ್ಲ ಈಗ ನಮ್ಮಿಬ್ಬರ ಹೊಟ್ಟೆಯೊಳಗೆ ಬಂದು ಕುಳಿತಿತ್ತು.

ಹುಕ್ಕೇರಿಯಲ್ಲಿ ಇಳಿದಾಗ ಮಳೆ ಕೊಂಚ ಹೊಳವಾಗಿತ್ತು. ಆಟೋದವನು ತೋಟದವರೆಗೆ ಇನ್ನೂರು ಕೇಳಿದ, ಹತ್ತಿ ಕುಳಿತೆವು. ಡಾಂಬರು ಮುಗಿದು ಕೆಸರು ದಾರಿ ಬಂತು. ಒಂದು ಕಡೆ ಗಾಲಿ ಹೂತು ನಿಂತಿತು. "ಇನ್ನ ಮುಂದ ಹೋಗೂದಿಲ್ರಿ" ಎಂದ. ಇಬ್ಬರೂ ಇಳಿದು ಓಡಿದೆವು. ನನ್ನ ಚಪ್ಪಲಿ ಕೆಸರಿನಲ್ಲಿ ಸಿಕ್ಕಿಕೊಂಡಿತು, ಅದನ್ನು ಅಲ್ಲೇ ಬಿಟ್ಟೆ. ಕಬ್ಬಿನ ನಡುವಿನ ಬದುವಿನಲ್ಲಿ ಶಮಶಾದ ಮುಂದೆ, ನಾನು ಹಿಂದೆ. ಬಾಜೂ ಹೊಲದಲ್ಲಿ ಮೋಟಾರು ಗುಂಯ್ ಎನ್ನುತ್ತಿತ್ತು, ಪೈಪಿನಿಂದ ನೀರು ಧೋ ಎಂದು ಸುರಿಯುತ್ತಿತ್ತು. ಅಂದರೆ ಮುಖ್ಯ ತಂತಿಯಲ್ಲಿ ಕರೆಂಟು ಇತ್ತು. ಈರಪ್ಪನ ಮಾತು ಯಾರೂ ಕೇಳಿರಲಿಲ್ಲ.

ಬದು ತಿರುಗಿದ ಕೂಡಲೇ ಟಿಸಿ ಕಂಡಿತು. ಅದರ ಕಂಬಕ್ಕೆ ಏಣಿ ಒರಗಿಸಿದ್ದರು. ಕೆಳಗೆ ರಫೀಕನ ತಂಗಿಯ ಗಂಡ ಮೌಲಾಲಿ ಏಣಿ ಹಿಡಿದು ನಿಂತಿದ್ದ. ಏಣಿಯ ಮೇಲೆ, ಟಿಸಿಗಿಂತ ಎತ್ತರದಲ್ಲಿ, ರಫೀಕ. ಮಳೆಗೆ ಅಂಗಿ ಮೈಗೆ ಅಂಟಿತ್ತು. ಎರಡೂ ಕೈಗೆ ಹಳದಿ ಅಂಚಿನ ಕೈಗವಸು. ಅವನ ತಲೆಯ ಮೇಲೆ ಒಂದು ಮೊಳ ದೂರದಲ್ಲಿ ಹನ್ನೊಂದು ಸಾವಿರ ವೋಲ್ಟಿನ ತಂತಿ. ಕಡಿದುಹೋದ ಫ್ಯೂಸಿನ ಜಾಗಕ್ಕೆ ಹೊಸ ತಂತಿ ಕಟ್ಟಲು ಒಂದು ಕೈ ಮೇಲೆತ್ತುತ್ತಿದ್ದ.

ನಾನು ಕೂಗಲು ಬಾಯಿ ತೆರೆದೆ. ಶಮಶಾದ ತನ್ನ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು.

"ಕೂಗಬ್ಯಾಡ್ರಿ" ಎಂದಳು ಉಸಿರಿನಲ್ಲೇ. "ಕೂಗಿದ್ರ ಹೊಳ್ಳಿ ನೋಡ್ತಾರ. ಕೈ ತಂತಿಗೆ ಹತ್ತತೈತಿ."

ಹಾಗೆ ನಿಂತೆವು. ಅವಳ ಅಂಗೈ ತಣ್ಣಗೆ ನನ್ನ ತುಟಿಯ ಮೇಲಿತ್ತು. ರಫೀಕನ ಕೈ ಮೇಲೆ ಹೋಯಿತು. ನಿಂತಿತು. ಅವನು ಅದನ್ನು ಕೆಳಗೆ ತಂದು, ಜೋಮು ಹಿಡಿದ ಕೈಯನ್ನು ಕೊಡವುವ ಹಾಗೆ ಒಮ್ಮೆ ಕೊಡವಿದ. ಮತ್ತೆ ಮೇಲೆತ್ತಿದ. ನಾನು ಕಣ್ಣು ಮುಚ್ಚಿಕೊಂಡೆ. ನನಗೆ ಕೇಳುತ್ತಿದ್ದುದು ಮೋಟಾರಿನ ಸದ್ದು ಮಾತ್ರ.

ಆ ಸದ್ದು ನಿಂತಿತು.

ಮೊದಲು ಬಾಜೂ ಹೊಲದ್ದು, ಅದರ ಜೊತೆಗೇ ದೂರದ್ದೂ. ಪೈಪಿನ ನೀರು ಬಿಕ್ಕಿ ಬಿಕ್ಕಿ ನಿಂತುಹೋಯಿತು. ಕಬ್ಬಿನ ಎಲೆಗಳ ಮೇಲೆ ಹನಿ ಬೀಳುವುದು ಮಾತ್ರ ಕೇಳುತ್ತಿತ್ತು. ಕಣ್ಣು ತೆರೆದೆ. ರಫೀಕ ಕೈಯನ್ನು ಅರ್ಧಕ್ಕೇ ನಿಲ್ಲಿಸಿ, ಬೇಸರದಿಂದ ಅತ್ತಿತ್ತ ನೋಡುತ್ತಿದ್ದ. "ಯಾರ್ ತಗದ್ರೋ ಕರೆಂಟ್?" ಎಂದ.

ಹೋದ ಕರೆಂಟು ಯಾವ ಗಳಿಗೆಯಲ್ಲಾದರೂ ತಿರುಗಿ ಬರಬಹುದು. ನಾನು ಅದನ್ನು ಹೇಳುವ ಮೊದಲೇ ಶಮಶಾದ ಓಡಿದ್ದಳು. "ಇಳೀರಿ! ಮೊದಲ ಇಳೀರಿ ನೀವು! ಮಕ್ಕಳ ಆಣೆ ಐತಿ!" ಅವಳು ಕಿರುಚಿದ ಪರಿಗೆ ಮೌಲಾಲಿ ಏಣಿ ಬಿಡುವುದರಲ್ಲಿದ್ದ. ರಫೀಕ ತಡವರಿಸಿ, ಒಂದೊಂದೇ ಮೆಟ್ಟಿಲು ಇಳಿದು ಬಂದ. ಕಾಲು ನೆಲಕ್ಕೆ ತಾಕಿದ ಕೂಡಲೇ ಅವಳು ಅವನ ಎರಡೂ ಕೈಯಿಂದ ಕೈಗವಸುಗಳನ್ನು ಎಳೆದು ತೆಗೆದಳು. ಒಳಗೆ ನೀರು ಹೋಗಿತ್ತು, ಅಂಗೈಯಿಂದ ತೊಟ್ಟಿಕ್ಕಿತು.

ನನ್ನ ಫೋನು ಹೊಡೆದುಕೊಂಡಿತು. ಈರಪ್ಪ. "ಮೋಟಾರ್ ನಿಂತುವೇನ್ರಿ ಅಕ್ಕಾರ? ಹೇಳ್ರಿ, ನಿಂತುವೇನು?"

"ನಿಂತಾವ್ರಿ. ಇಳದಾನು. ಆರಾಮ ಅದಾನು."

ಆ ಕಡೆಯಿಂದ ಒಬ್ಬ ಗಂಡಸು ಬಾಯಿಗೆ ಏನನ್ನೋ ಅಡ್ಡ ಹಿಡಿದುಕೊಂಡು ಅಳುವ ಸದ್ದು ಮಾತ್ರ ಬಂತು.

ಸುತ್ತಲಿನ ಹೊಲದವರು ಸೇರಿದರು. ಟಿಸಿಗೆ ಬರುವ ಕರೆಂಟು ಕಡಿಯುವ ಸ್ವಿಚ್ಚಿನ ಹಿಡಿಕೆ ಯಾಕೆ ಎಳೆಯಲಿಲ್ಲ ಎಂದು ಕೇಳಿದೆ. ಮೌಲಾಲಿ ತೋರಿಸಿದ: ಕಬ್ಬಿನ ಟ್ರಾಕ್ಟರು ಬಡಿದು ಹಿಡಿಕೆ ಬಾಗಿ ಜಾಮಾಗಿತ್ತು. ಲೈನ್‌ಮನ್‌ಗೆ ಹೇಳಿದ್ದರಂತೆ, ಅವನು ಗಾಳಿಗೆ ಮರ ಬಿದ್ದ ಕಡೆ ಸಿಕ್ಕಿಕೊಂಡಿದ್ದ, ಸಂಜೆ ಬರುತ್ತೇನೆ ಎಂದಿದ್ದ. "ಕಾಯೂಣು ಅಂದೇರಿ" ಎಂದ ಮೌಲಾಲಿ. "ಗ್ಲೌಸ್ ಅದಾವಲ್ಲ, ಸ್ವಿಚ್ ತಗ್ಯೂದ ಬ್ಯಾಡ ಅಂತ ರಫೀಕ ಮಾವನ ಅಂದ."

ರಫೀಕ ಎತ್ತರದ, ತೆಳ್ಳಗಿನ ಮನುಷ್ಯ. ಇನ್ನೂ ನನ್ನನ್ನು ಅನುಮಾನದಿಂದ ನೋಡುತ್ತಿದ್ದ. ನಾನು ವಿಷಯವನ್ನೆಲ್ಲ ಹೇಳಿ, "ಕೈ ಯಾಕ ಕೊಡವಿದ್ರಿ?" ಎಂದು ಕೇಳಿದೆ.

"ಕೆಳಗಿನ ಫ್ಯೂಸ್ ಹಾಕುಮುಂದ ಚುಮುಚುಮು ಅಂತ್ರಿ. ಇರಿವಿ ಹರದಂಗ. ಥಂಡಿಗೆ ಜೋಮು ಹಿಡದೈತಿ ಅನ್ಕೊಂಡೆ" ಎಂದ. ಹೇಳಿ ಮುಗಿಸಿ ತನ್ನ ಬಲಗೈ ನೋಡಿಕೊಂಡ. ಮೇಲಿನ ಮೂರು ಫ್ಯೂಸುಗಳಲ್ಲಿ ಕಡಿದದ್ದು ಒಂದೇ, ಹಾಗಾಗಿ ಕೆಳಗಿನ ತಂತಿಗಳಲ್ಲೂ ಕರೆಂಟಿತ್ತು, ಆದರೆ ಕೆಲವು ನೂರು ವೋಲ್ಟು ಮಾತ್ರ. ಮೇಲಿನದು ಹನ್ನೊಂದು ಸಾವಿರ. ಲೆಕ್ಕ ಅವನಿಗೂ ಗೊತ್ತಿತ್ತು. ಕಬ್ಬಿನ ಬದುವಿನ ಮೇಲೆ ಹಾಗೇ ಕುಕ್ಕರಿಸಿದ.

ನಾನು ಅಭ್ಯಾಸದಂತೆ ಒಂದು ಕೈಗವಸಿನ ತೋಳು ಸುತ್ತಿ, ಗಾಳಿ ಹಿಡಿದು, ಕಿವಿಯ ಹತ್ತಿರ ತಂದೆ. ಒಂದಿಷ್ಟೂ ಗಾಳಿ ಸೋರಲಿಲ್ಲ. ಬೆರಳುಗಳೆಲ್ಲ ಉಬ್ಬಿ, ಹೊಸದರಂತೆ ನೆಟ್ಟಗೆ ನಿಂತವು. ಅದನ್ನು ನೋಡಿ ನನಗೆ ಆಗ ಆದ ಭಯ, ಏಣಿಯ ಮೇಲೆ ಅವನನ್ನು ಕಂಡಾಗಲೂ ಆಗಿರಲಿಲ್ಲ. ಸೀಳಲೆಂದು ಕತ್ತರಿ ತೆಗೆದೆ, ಶಮಶಾದ ಅದನ್ನು ನನ್ನ ಕೈಯಿಂದ ಕಸಿದುಕೊಂಡಳು. ತೋಳು ಸೀಳಿದರೆ ಸಾಕು ಎಂದೆ. ಅವಳು ಕೇಳಲಿಲ್ಲ. ಒಂದೊಂದು ಬೆರಳನ್ನೂ ಬೇರೆ ಬೇರೆ ಕತ್ತರಿಸಿ ಹಾಕಿದಳು.

ಸ್ವಲ್ಪ ಹೊತ್ತಿಗೆ ಆ ಭಾಗದ ಲೈನ್‌ಮನ್ ಬಂದ. ಸಬ್‌ಸ್ಟೇಶನ್ನಿನ ಜೊತೆ ಮಾತಾಡಿ, ಲೈನು ಬಂದ್ ಇದೆ ಎಂದು ಖಾತ್ರಿ ಮಾಡಿಕೊಂಡು, ತಂತಿಗಳಿಗೆ ಸರಪಳಿ ಹಾಕಿ, ಉಳಿದ ಕರೆಂಟು ನೆಲಕ್ಕೆ ಇಳಿಯುವಂತೆ ಮಾಡಿ, ಆಮೇಲೆ ಫ್ಯೂಸು ಕಟ್ಟಿದ. ನಾನು ಚೀಲದಿಂದ ಹಳೆಯ ಬಗೆಯ ಒಂದು ಜೋಡಿ ತೆಗೆದು ಅವನಿಗೆ ಕೊಡುವಾಗ ಕೈ ಹಿಂಜರಿಯಿತು. ಇವು ಸರಿಯಾದವು, ನೆನೆಹಾಕಿ ನೋಡಿದವು, ನನಗೆ ಗೊತ್ತು. ಆದರೂ ಹಿಂಜರಿಯಿತು.

ತೋಟದ ಮನೆಯಲ್ಲಿ ರಫೀಕನ ತಂಗಿ, ಹಸಿ ಬಾಣಂತಿ, ಒಳಗಿನಿಂದಲೇ ಎಲ್ಲರಿಗೂ ಚಹಾ ಮಾಡಿಸಿದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬಂತು. ಅಂದಿನ ಮೊದಲ ಊಟ. ಊಟದ ನಡುವೆ ರಫೀಕ, "ಹಂಗಾರ ಇನ್ನ ಮ್ಯಾಲ ನೀರು ತಿರುಗಿಸಿ ಬಳಸೂದ ಬಿಡ್ತೀರೇನ್ರಿ? ಮತ್ತ ಬಾವಿ ನೀರು ಚೆಲ್ಲೂದ?" ಎಂದು ಕೇಳಿದ.

"ಬಿಡಂಗಿಲ್ರಿ" ಎಂದೆ. "ಸೋಸಿದ್ ನೀರಿನ್ಯಾಗ ಉಪ್ಪು ಎಷ್ಟೈತಿ ಅಂತ ಒಂದೊಂದ ಸಲಾನೂ ಅಳೀಬೇಕು. ಕಡೀ ತೊಳತಕ್ಕ ಹೊಸಾ ನೀರು ಬೇಕು. ಮಾಳಿಗಿ ಮ್ಯಾಲ ಬೀಳೂ ಮಳಿ ನೀರ ಹಿಡದ್ರ ಆತು. ಮತ್ತ ಒಂದೊಂದ ಜೋಡೀನೂ ನೆನಿಸಿ ನೋಡಲಾರದ ಹೊರಗ ಹಾಕಂಗಿಲ್ಲ. ಹೊತ್ತು ಹಿಡೀತೈತಿ. ಹಿಡೀಲಿ."

ರಫೀಕ ತಲೆಯಾಡಿಸಿದ. ಶಮಶಾದ ಕೇಳುತ್ತಿದ್ದಳು.

ಸಂಜೆ ಮೂವರೂ ಹುಕ್ಕೇರಿಯ ನಿಲ್ದಾಣಕ್ಕೆ ಬಂದೆವು. ಚಪ್ಪಲಿ ಸಿಕ್ಕಿರಲಿಲ್ಲ, ಬಾಣಂತಿಯ ಚಪ್ಪಲಿ ಹಾಕಿಕೊಂಡಿದ್ದೆ. ಸಂಕೇಶ್ವರದ ಮೇಲಿಂದ ಬೆಳಗಾವಿಗೆ ಹೋಗುವ ಬಸ್ಸು ಮೊದಲು ಬಂತು. ನಾನು ಹತ್ತುವ ಮೊದಲು ಶಮಶಾದ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲೆಂದೂ ಅನಿಸುತ್ತಿತ್ತು.

"ಹೊಸಾವು ಮಾಡ್ತೀರಲ್ರಿ ಅಕ್ಕಾರ. ಅವನ್ನ ಮೊದಲ ಯಾರ ಕೈಗೆ ಹಾಕ್ತೀರಿ?"

"ನನ್ನ ಕೈಗೆ" ಎಂದೆ.

"ಹುಷಾರಿಲೆ ಹೋಗ್ರಿ" ಎಂದಳಷ್ಟೇ.

ಬಸ್ಸು ಹೊರಟಿತು. ಕಿಟಕಿಯಿಂದ ಹೊರಳಿ ನೋಡಿದೆ. ನಿಲ್ದಾಣದ ತಗಡಿನ ಕೆಳಗೆ, ಅಷ್ಟು ಜನರ ನಡುವೆ, ಅವಳು ಗಂಡನ ಬಲಗೈಯ ಮಣಿಕಟ್ಟನ್ನು ರಸ್ತೆ ದಾಟಿಸುವಾಗ ಮಗುವನ್ನು ಹಿಡಿಯುವ ಹಾಗೆ ಬಿಗಿಯಾಗಿ ಹಿಡಿದು ನಿಂತಿದ್ದಳು. ರಫೀಕ ನನಗೆ ಕೈ ಬೀಸಬೇಕೆಂದು ಅದನ್ನು ಬಿಡಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ. ಅವನು ನಾಚಿಕೊಂಡು ಸುತ್ತ ನೋಡಿ, ಎಡಗೈ ಎತ್ತಿ ಬೀಸಿದ.